ಆರನೆಯ ಕಲ್ಲಿನ ಹಕ್ಕಿ

"ಆರನೇದು ಎಲ್ಲಿ ಹೋಯ್ತು?"

ಕಾಶೀನಾಥ ಹೀಗೆ ಬಾಯಿಬಿಟ್ಟು ಕೇಳಿದ್ದು ಯಾರನ್ನೂ ಅಲ್ಲ. ಕವಲುಗುಡ್ಡದ ನೆತ್ತಿಯ ಮೇಲೆ ಬೆಳಗಿನ ಆರೂವರೆಗೆ ಅವನಲ್ಲದೆ ಇನ್ನೊಬ್ಬ ಮನುಷ್ಯನಿರಲಿಲ್ಲ. ಎರಡು ದಿನದಿಂದ ಮಳೆ ಬಿಡುವು ಕೊಟ್ಟು ಹೊಳವಾಗಿತ್ತು. ಕೆಳಗೆ ಕಳಸದ ಕಡೆಯ ಕಣಿವೆಯಲ್ಲಿ ಮಂಜು ತುಂಬಿ ನಿಂತು, ತೋಟ ರಸ್ತೆ ಮನೆ ಎಲ್ಲ ಮುಳುಗಿ, ಎತ್ತರದ ನಾಲ್ಕೈದು ಗುಡ್ಡಗಳ ತಲೆ ಮಾತ್ರ ಮೇಲೆ ಉಳಿದಿತ್ತು. ಅವನ ಪಕ್ಕದ ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಆರು ಎಂಬ ಅಂಕಿ ಪಾಚಿಯಡಿ ಅರ್ಧ ಅಳಿಸಿತ್ತು. ಕೈಗಡಿಯಾರದಲ್ಲಿ ಹತ್ತು ನಿಮಿಷ ತುಂಬಲು ಇನ್ನೆರಡೇ ನಿಮಿಷ. ಹುಲ್ಲಿನಿಂದ ಏನೂ ಏಳಲಿಲ್ಲ. ಆದರೂ ಅವನಿಗೆ ಕೇಳಿಸುತ್ತಿತ್ತು: ಸಣ್ಣ ಸರಪಳಿಯೊಂದನ್ನು ಹಲಗೆಯ ಮೇಲೆ ಎಳೆದ ಹಾಗೆ ಸರ್ರನೆ ಹೊರಟು, ಕೊನೆಯಲ್ಲಿ ಎರಡು ಗಂಟು ಹಾಕಿ ನಿಲ್ಲುವ ಆ ದನಿ. ಅವನು ಎರಡೂ ಕಿವಿಗೆ ಬೆರಳಿಟ್ಟು ಮುಚ್ಚಿದ. ಗಾಳಿ ನಿಂತಿತು. ದೂರದ ಹಳ್ಳದ ಸದ್ದು ನಿಂತಿತು. ಹಕ್ಕಿ ನಿಲ್ಲಲಿಲ್ಲ. ಸಾಲು ಮುಗಿಸಿ, ಗಂಟು ಹಾಕಿ, ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಹೊರಟಿತು. ಕಾಶೀನಾಥ ಬೆರಳು ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತ. ಐವತ್ತೆರಡು ವರ್ಷದ ಬದುಕಿನಲ್ಲಿ ತನ್ನ ತಲೆಯೊಳಗಿನದಕ್ಕೇ ಹೀಗೆ ಹೆದರಿದ್ದು ಅವನಿಗೆ ನೆನಪಿರಲಿಲ್ಲ.

ಈ ಹಕ್ಕಿಗೆ ಊರಲ್ಲಿ ಹೆಸರೇ ಇರಲಿಲ್ಲ. ಮೇಯಿಸುವವರು ಅದನ್ನು ಕಂಡಿದ್ದರು, ಆದರೆ ಮಾತಿಗೆ ತಂದಿರಲಿಲ್ಲ. ಕಂದು ಬಣ್ಣ, ಗುಬ್ಬಿಗಿಂತ ಒಂದಿಷ್ಟು ದೊಡ್ಡದು, ಬಾಲ ಮಾತ್ರ ಬೀಸಣಿಗೆಯಷ್ಟು ಅಗಲ. ವರ್ಷವೆಲ್ಲ ಹುಲ್ಲಿನೊಳಗೇ ಇಲಿಯ ಹಾಗೆ ಓಡಾಡಿಕೊಂಡಿದ್ದು, ಮಳೆಗಾಲ ಬಂತೆಂದರೆ ಗಂಡು ಹುಲ್ಲಿನ ಮೇಲೆ ಎರಡಾಳೆತ್ತರ ಏರಿ, ಹಾಡಿ, ಒದ್ದೆ ಬಟ್ಟೆ ಬಿದ್ದ ಹಾಗೆ ಮತ್ತೆ ಒಳಗೆ ಬೀಳುವುದು. ತೊಂಬತ್ತೆಂಟರ ಜೂನಿನಲ್ಲಿ ಚಿಕ್ಕಮಗಳೂರಿನಿಂದ ಅರ್ಪಿತಾ ಎಂಬ ಹುಡುಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಬಂದು, ಶಾಲೆಯ ಜಗಲಿಯಲ್ಲಿ ಮಳೆಗೆ ನಿಂತಳು. ಗುಡ್ಡದ ಮೇಲೆ ಹುಲ್ಲಿನಲ್ಲಿ ಹಾಡುವ ಹಕ್ಕಿಯೊಂದನ್ನು ಕೇಳಿದ್ದೀರಾ ಎಂದು ವಿಚಾರಿಸಿದಾಗ, ಮಾಸ್ತರ ಕಾಶೀನಾಥ ಬಾಯಲ್ಲಿ ಹೇಳದೆ ನಾಲಗೆ ಮಡಚಿ ಆ ದನಿಯನ್ನೇ ತೆಗೆದು ತೋರಿಸಿದ್ದ. ಅವಳ ಮುಖದಲ್ಲಿ ಆಗ ಬಂದ ಬೆಳಕನ್ನು ಅವನು ಎಷ್ಟೋ ದಿನ ನೆನೆದುಕೊಂಡ. ಅವನು ಕಲಿಸಿದ ಮಕ್ಕಳಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಎರಡು ಮಳೆಗಾಲ ಅವರಿಬ್ಬರೂ ಸೇರಿ ಗುಡ್ಡ ಹತ್ತಿದರು. ನೆತ್ತಿಯುದ್ದಕ್ಕೂ ಹನ್ನೆರಡು ಬಂಡೆಗಳನ್ನು ಆರಿಸಿ ಅಂಕಿ ಬರೆದರು. ಒಂದೊಂದು ಕಲ್ಲಿನ ಬಳಿ ಹತ್ತು ನಿಮಿಷ ನಿಲ್ಲಬೇಕು, ಹಾಡು ಕೇಳಿದರೆ ಪುಸ್ತಕದಲ್ಲಿ ಗೀಟು ಹಾಕಬೇಕು, ಕೇಳದಿದ್ದರೆ ಸೊನ್ನೆ. ಹನ್ನೆರಡು ಕಲ್ಲಿಗೆ ಹನ್ನೆರಡು ಗಂಡು. ಅವಳು ಹೇಳುತ್ತಿದ್ದಳು, ಈ ಬೆಟ್ಟಸಾಲಿನ ಎತ್ತರದ ಹುಲ್ಲು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದು ಮರಿ ಮಾಡುವುದಿಲ್ಲ. ಈ ಗುಡ್ಡದ ತಲೆಗಳೆಲ್ಲ ಒಂದೊಂದು ದ್ವೀಪ, ಕೆಳಗಿನ ಕಾಫಿ ತೋಟವೇ ಇದರ ಪಾಲಿನ ಸಮುದ್ರ, ಇದಕ್ಕೆ ದಾಟಲು ಬರುವುದಿಲ್ಲ ಎಂದು. ಶಾಲೆಯ ಮಕ್ಕಳಿಗೂ ಅವಳೊಂದು ಕತೆ ಹೇಳಿದ್ದಳು. ಸಮುದ್ರದ ನಡುವಿನ ದ್ವೀಪವೊಂದರಲ್ಲಿ ಹಡಗುಗಳಿಗೆ ದೀಪ ತೋರಿಸುವವನ ಮನೆಗೆ ಬೆಕ್ಕೊಂದು ಬಂತಂತೆ. ಅದು ದಿನಾ ಬಾಗಿಲಿಗೆ ತಂದು ಹಾಕುತ್ತಿದ್ದ ಪುಟ್ಟ ಹಕ್ಕಿಗೆ ದೊಡ್ಡ ಪಂಡಿತರು ಹೆಸರಿಟ್ಟು ಮುಗಿಸುವಷ್ಟರಲ್ಲಿ ಆ ಹಕ್ಕಿಯೇ ಮುಗಿದಿತ್ತಂತೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಬೆಕ್ಕಿಗೆ ಎಂತ ಹೆಸರು ಮಿಸ್ ಎಂದು ಕೇಳಿದಳು. ಎಲ್ಲರೂ ನಕ್ಕರು. ಕಾಶೀನಾಥನೂ ನಕ್ಕಿದ್ದ.

ಅವನ ಕಿವಿ ಅಪ್ಪನಿಂದ ಬಂದದ್ದು. ಅಪ್ಪ ಶ್ರೀಹರಿ ಭಟ್ಟರು ಸುತ್ತಿನ ಹತ್ತು ಹಳ್ಳಿಗೆ ಕಾವ್ಯ ಓದುವವರಾಗಿದ್ದರು. ಓದುವವರು ಎನ್ನುವುದು ಮಾತಿಗೆ. ಎದುರಿಗೆ ಪುಸ್ತಕ ಇಟ್ಟುಕೊಂಡು ಕಣ್ಣು ಮುಚ್ಚಿ ರಾಗ ಹಿಡಿದು ಷಟ್ಪದಿಗಳನ್ನು ಹೇಳುತ್ತಿದ್ದರು. ಕಾಶೀನಾಥನ ಕೆಲಸ ಪಕ್ಕದಲ್ಲಿ ಕೂತು ಹೂಂಗುಡುವುದು. ಹೂಂ ಎನ್ನುವವನಿಲ್ಲದಿದ್ದರೆ ಓದು ಏಳುವುದಿಲ್ಲ ಎಂದು ಅಪ್ಪ ನಂಬಿದ್ದರು. ಹತ್ತು ವರ್ಷ ಹಾಗೆ ಕೂತು ಕೂತು, ಒಂದು ಸಾಲು ಮುಗಿಯುವ ಮೊದಲೇ ಮುಂದಿನ ಸಾಲು ಅವನ ಎದೆಯಲ್ಲಿ ಎದ್ದು ನಿಲ್ಲುತ್ತಿತ್ತು. ಹನ್ನೆರಡು ಕಲ್ಲನ್ನು ಕೂಡ ಅವನು ಮನಸ್ಸಿನಲ್ಲಿ ಎರಡು ಪದ್ಯವಾಗಿಯೇ ಕಟ್ಟಿಕೊಂಡಿದ್ದ. ಆರು ಕಲ್ಲಿಗೊಂದು. ಪದ್ಯದಲ್ಲಿ ಮೂರನೆಯ ಸಾಲು ಮತ್ತು ಆರನೆಯ ಸಾಲು ನೀಳವಾಗಿರುವ ಹಾಗೆ, ಗುಡ್ಡದ ಮೇಲೂ ಮೂರನೆಯ ಕಲ್ಲಿನ ಹಕ್ಕಿ ಮತ್ತು ಆರನೆಯ ಕಲ್ಲಿನ ಹಕ್ಕಿ ಬೇರೆಯವಕ್ಕಿಂತ ಉದ್ದ ಹಾಡುತ್ತಿದ್ದವು. ದೇವರೇ ಛಂದಸ್ಸು ನೋಡಿ ಕೂರಿಸಿದ್ದಾನೆ ಎಂದು ಅವನಿಗೆ ಮೊದಲ ವರ್ಷ ಕಣ್ಣು ಒದ್ದೆಯಾಗಿತ್ತು. ಹೊರನಾಡಿನ ಹತ್ತಿರದ ಮನೆಯೊಂದರ ಓದಿನಲ್ಲಿ, ಅಪ್ಪನಿಗೆ ಎಪ್ಪತ್ತು ದಾಟಿದ ವರ್ಷ, ನಡುವೆ ಒಂದು ಸಾಲು ಬರಲಿಲ್ಲ. ರಾಗ ಹಾಗೇ ಎಳೆಯುತ್ತ ಅಪ್ಪ ಕತ್ತಲಲ್ಲಿ ತಡವುವವರ ಹಾಗೆ ಮುಖ ಅತ್ತಿತ್ತ ಮಾಡಿದರು. ಕಾಶೀನಾಥ ಮೆಲ್ಲಗೆ, ಅದೇ ಶ್ರುತಿಯಲ್ಲಿ, ಆ ಸಾಲನ್ನು ಹೇಳಿಬಿಟ್ಟ. ಯಾರಿಗೂ ತಿಳಿಯಲಿಲ್ಲ. ಮತ್ತೊಂದು ತಪ್ಪಿತು, ಅದನ್ನೂ ತುಂಬಿದ. ಆ ದಿನ ಅವನು ಏಳು ಸಾಲು ತುಂಬಿದ. ಮನೆಯವರು ಅಪ್ಪನಿಗೆ ಶಾಲು ಹೊದಿಸಿ ಈ ವಯಸ್ಸಿನಲ್ಲೂ ಎಂಥ ನೆನಪು ಎಂದರು. ಹಿಂದಿರುಗುವಾಗ, ಸೇತುವೆ ದಾಟುತ್ತ ಅಪ್ಪ, ನಾನು ಮರೆತದ್ದು ಅವರಿಗೆ ಕೇಳಬೇಕಿತ್ತು, ನೀನು ಕೇಳಗೊಡಲಿಲ್ಲ ಎಂದರು. ಆಮೇಲೆ ಅವರು ಯಾರ ಮನೆಗೂ ಓದಲು ಹೋಗಲಿಲ್ಲ. ಮಗನ ಮೇಲೆ ಸಿಟ್ಟೂ ಮಾಡಲಿಲ್ಲ. ಅಪ್ಪ ಯಾಕೆ ಹಾಗೆಂದರು ಎಂದು ಕಾಶೀನಾಥನಿಗೆ ಆಗ ಅರ್ಥವಾಗಿರಲಿಲ್ಲ. ಮಾನ ಉಳಿಸಿದವನಿಗೆ ಇದೆಂಥ ಮಾತು ಎಂದು ಒಳಗೊಳಗೇ ನೊಂದುಕೊಂಡಿದ್ದ.

ಏಳನೆಯ ಕಲ್ಲಿಗೆ ಹೋಗುವ ದಾರಿಯಲ್ಲಿ ಜೀಪಿನ ಗಾಲಿಗಳು ಎರಡು ಕೆಂಪು ಕಾಲುವೆ ತೋಡಿದ್ದವು. ನಡುವೆ ಹುಲ್ಲು ಹಿಮ್ಮಡಿಯ ಮಟ್ಟಕ್ಕಿತ್ತು. ಮೊದಲು ಇಲ್ಲಿ ಸೊಂಟ ಮುಳುಗುತ್ತಿತ್ತು. ಇದನ್ನು ಅವನು ಕಂಡಿರಲಿಲ್ಲವೆಂದಲ್ಲ. ಮೂರು ವರ್ಷದಿಂದ ವಾರಕ್ಕೊಮ್ಮೆ ಕಾಣುತ್ತಿದ್ದ. ಕಂಡದ್ದು ಕಣ್ಣಿನಲ್ಲೇ ಉಳಿಯುತ್ತಿತ್ತು, ಕಿವಿಯವರೆಗೆ ಬರುತ್ತಿರಲಿಲ್ಲ. ಕಲ್ಲಿನ ಹತ್ತಿರ ನಿಂತ ಕೂಡಲೆ ಅವನು ಕಣ್ಣು ಮುಚ್ಚುತ್ತಿದ್ದ, ಅಪ್ಪ ಮುಚ್ಚುತ್ತಿದ್ದ ಹಾಗೆ. ಮುಚ್ಚಿದ ಕೂಡಲೆ ಹಾಡು. ಗೀಟು. ಅವನು ಏಳನೆಯ ಕಲ್ಲಿನ ಬಳಿ ಇವತ್ತು ಕಣ್ಣು ತೆರೆದೇ ನಿಂತ. ಪಂಚೆಯ ಅಂಚಿನಿಂದ ರಕ್ತ ಹೀರುವ ಇಂಬಳವೊಂದು ಮೇಲೆ ಹತ್ತುತ್ತಿತ್ತು, ಅದನ್ನು ಕೀಳಲಿಲ್ಲ. ಹತ್ತು ನಿಮಿಷ. ಸೊನ್ನೆ.

ಎರಡು ಸಾವಿರನೇ ಇಸವಿಯಲ್ಲಿ ಅರ್ಪಿತಾ ಹೊರಟುಹೋದಳು. ಅಂಡಮಾನಿನಿಂದಲೂ ಆಚೆ, ಸಮುದ್ರದಲ್ಲಿ ಒಂಟಿಯಾಗಿ ಎದ್ದ ಗುಡ್ಡದಂಥ ಒಂದು ದ್ವೀಪಕ್ಕೆ. ಅಲ್ಲಿ ಮಾತ್ರ ಇರುವ ಒಂದು ಜಾತಿಯ ಮಂಗಟ್ಟೆ ಹಕ್ಕಿಯನ್ನು ನೋಡಿಕೊಳ್ಳುವ ಕೆಲಸ. ಹೋಗುವಾಗ ಹಕ್ಕಿಯ ಪುಸ್ತಕವನ್ನು ಅವನ ಕೈಗಿಟ್ಟು, ನಿಮ್ಮ ಕಿವಿ ನನ್ನದಕ್ಕಿಂತ ದೊಡ್ಡದು ಮಾಷ್ಟ್ರೇ, ನೀವು ಕೇಳಿ ಬರೆದರೆ ನಾನು ಕೇಳಿದ ಹಾಗೇ ಎಂದಿದ್ದಳು. ದೋಣಿ ತಿಂಗಳಿಗೊಮ್ಮೆ ಎಂದು ಅವಳ ಕಾಗದಗಳು ನಾಲ್ಕು ನಾಲ್ಕು ಒಟ್ಟಿಗೆ ಬರುತ್ತಿದ್ದವು. ಯಾರೋ ಎಂದೋ ತಂದುಬಿಟ್ಟ ಆಡುಗಳು ಅಲ್ಲಿ ಮರದ ಸಸಿಗಳನ್ನೆಲ್ಲ ಮೇಯುತ್ತವೆ, ಹಳೆಯ ಮರ ಬಿದ್ದರೆ ಹೊಸದು ಏಳುವುದಿಲ್ಲ, ಪೊಟರೆಯಿಲ್ಲದೆ ಮಂಗಟ್ಟೆ ಎಲ್ಲಿ ಮೊಟ್ಟೆಯಿಡಬೇಕು ಎಂದು ಬರೆಯುತ್ತಿದ್ದಳು. ಇಲ್ಲಿ ಹಕ್ಕಿಗೆ ರೆಕ್ಕೆಯಿದೆ, ಹೋಗಲು ಊರಿಲ್ಲ. ಒಂದು ಕಡಿಮೆಯಾದರೆ ಪಕ್ಕದಿಂದ ಬಂದು ತುಂಬುವವರಿಲ್ಲ ಎಂದು ಒಮ್ಮೆ ಬರೆದಳು. ಇನ್ನೊಮ್ಮೆ, ಜ್ವರದಲ್ಲಿ ಮಲಗಿ ಬರೆದದ್ದೋ ಏನೋ ಅಕ್ಷರ ಅಲುಗಾಡಿತ್ತು, ನಿಮ್ಮ ಹನ್ನೆರಡು ಇವತ್ತು ಬಂತು, ಎಲ್ಲೋ ಒಂದು ಕಡೆಯಾದರೂ ಲೆಕ್ಕ ಸರಿಯಾಗಿದೆಯಲ್ಲ ಎಂದು ಅಳು ಬಂತು ಎಂದಿತ್ತು. ಆ ಕಾಗದವನ್ನು ಅವನು ದೇವರ ಗೂಡಿನಲ್ಲಿ, ಪಂಚಾಂಗದ ಕೆಳಗೆ ಇಟ್ಟ. ಆ ಮೇಲೆ ಪ್ರತಿ ಮಳೆಗಾಲ ಗುಡ್ಡ ಹತ್ತುವಾಗ ಅವನು ಎಣಿಸಲು ಹೋಗುತ್ತಿದ್ದನೋ, ಸಮುದ್ರದ ನಡುವೆ ಒಬ್ಬಳೇ ಕೂತವಳಿಗೆ ಹನ್ನೆರಡನ್ನು ತರಲು ಹೋಗುತ್ತಿದ್ದನೋ. ಸುಳ್ಳು ಬರೆಯಬೇಕೆಂದು ಒಂದು ಸಲವೂ ಅಂದುಕೊಂಡಿರಲಿಲ್ಲ. ಎರಡು ಸಾವಿರದ ಎರಡರಲ್ಲಿ ಜ್ವರ ಬಂದು ಹನ್ನೆರಡನೆಯ ಕಲ್ಲಿನವರೆಗೆ ನಡೆಯಲಾಗದೆ, ಹನ್ನೊಂದು ಎಂದೇ ಬರೆದಿದ್ದ. ಆ ಒಂದಕ್ಕಾಗಿ ತಿಂಗಳು ಪೂರ್ತಿ ಕೊರಗಿದ್ದ. ಈಗ ಅದನ್ನು ನೆನೆದರೆ ಅವನಿಗೆ ಮೈ ಹಿಡಿಯಾಯಿತು.

ಎಲ್ಲ ಹೊರಬಿದ್ದದ್ದು ಒಂದು ಯಂತ್ರದಿಂದ. ಅರ್ಪಿತಾ ಈ ವರ್ಷ ಊರಿಗೆ ಮರಳಿ, ಮುಂಗಾರಿನ ಮೊದಲು ಅಂಗೈಯಗಲದ ಒಂದು ಟೇಪ್ ರೆಕಾರ್ಡರ್ ಮತ್ತು ಎರಡು ಕ್ಯಾಸೆಟ್ಟು ಕಳಿಸಿದಳು. ಎಣಿಕೆಯ ಜೊತೆಗೆ ಪ್ರತಿ ಕಲ್ಲಿನಲ್ಲಿ ಹತ್ತು ನಿಮಿಷ ಇದನ್ನೂ ಓಡಿಸಿ, ದನಿಗಳನ್ನು ಬೇರೆ ಗುಡ್ಡದ ಹಕ್ಕಿಗಳ ಜೊತೆ ಹೋಲಿಸಿ ನೋಡಬೇಕು ಎಂದು ಚೀಟಿಯಿತ್ತು. ಅವನು ಓಡಿಸಿದ. ಎಂಟು ದಿನದ ಹಿಂದೆ, ಒಂದು ಮಧ್ಯಾಹ್ನ, ಹೆಂಡತಿ ಸತ್ಯವತಿ ಹಲಸಿನ ಹಪ್ಪಳದ ಡಬ್ಬ ಒರೆಸುತ್ತ ಕೂತಿದ್ದಾಗ, ನಿನಗೆ ನನ್ನ ಹಕ್ಕಿಗಳನ್ನು ಕೇಳಿಸುತ್ತೇನೆ ಬಾ ಎಂದು ಹೆಮ್ಮೆಯಿಂದ ಕ್ಯಾಸೆಟ್ ಹಾಕಿದ. ಒಂದು ಎಂದು ತನ್ನದೇ ದನಿ, ಆಮೇಲೆ ಹಾಡು. ಎರಡು, ಆಮೇಲೆ ಗಾಳಿ. ಬರೀ ಗಾಳಿ. ಸತ್ಯವತಿ ಬಟ್ಟೆ ಕೆಳಗಿಟ್ಟು ಕಿವಿಗೊಟ್ಟು ಕೇಳಿದಳು. ಅವಳು ನಿಜವಾಗಿ ತಮಾಷೆಗೇ ಅಂದದ್ದು.

"ಗಾಳಿ ಚೆನ್ನಾಗಿ ಹಾಡ್ತದೆ. ಹಕ್ಕಿ ಎಂತಕ್ಕೆ ಸುಮ್ಮನಿದೆ? ನೀವು ಬಂದಿದ್ದು ಅದಕ್ಕೆ ಗೊತ್ತಾಗಲಿಲ್ಲವೋ ಏನೋ."

ಅವನು ಪುಸ್ತಕ ತೆರೆದು ನೋಡಿದ. ಎರಡರ ಮುಂದೆ ಗೀಟಿತ್ತು. ಯಂತ್ರಕ್ಕೆ ಹಿಂದಿನ ವರ್ಷ ಗೊತ್ತಿಲ್ಲ, ಮುಂದಿನ ಸಾಲು ಗೊತ್ತಿಲ್ಲ, ಯಾರ ಮಾನ ಉಳಿಸುವ ಹಂಗೂ ಇಲ್ಲ. ಅದು ಸುಮ್ಮನೆ ಬಾಯಿ ತೆರೆದುಕೊಂಡು ಕೂತಿತ್ತು ಅಷ್ಟೆ. ಅವನು ಆ ದಿನವೇ ಅರ್ಪಿತಾಳಿಗೆ ಬರೆಯಬೇಕಿತ್ತು. ಇನ್‌ಲ್ಯಾಂಡ್ ಕಾಗದ ಬಿಡಿಸಿ, ಸೌಭಾಗ್ಯವತಿ ಎಂದು ಬರೆದು, ಮದುವೆಯಾಗದವಳಿಗೆ ಹಾಗೆ ಬರೆಯಬಾರದೆಂದು ಹೊಡೆದು ಹಾಕಿ, ಮಡಿಸಿ ಇಟ್ಟ. ಎಂಟು ದಿನ ಹಾಗೇ ಇಟ್ಟ. ಯಂತ್ರ ಕೆಟ್ಟಿರಬಹುದು, ಆ ದಿನ ಹಕ್ಕಿಗೇ ಮನಸ್ಸಿರಲಿಲ್ಲವೋ ಏನೋ, ಇನ್ನೊಮ್ಮೆ ಹತ್ತಿ ನೋಡಿದರಾಯಿತು. ಹೀಗೆ ಇವತ್ತಿನ ತನಕ ಬಂದಿತ್ತು.

ಹನ್ನೆರಡನೆಯ ಕಲ್ಲಿನ ಬಳಿ ಅವನು ಕೂತ. ಇವತ್ತು ಹಾಡಿದ್ದು ಐದು. ಒಂದು, ಮೂರು, ನಾಲ್ಕು, ಎಂಟು, ಹನ್ನೊಂದು. ಹನ್ನೊಂದನೆಯದು ಎದ್ದು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ. ಉಳಿದ ಏಳು ಯಾವಾಗ ಹೋದವು? ಒಂದೇ ವರ್ಷವೋ, ವರ್ಷಕ್ಕೆ ಒಂದೆರಡೋ? ಅವು ಹೋದ ದಿನ ಅವನು ಇಲ್ಲೇ, ಈ ಕಲ್ಲುಗಳ ನಡುವೆಯೇ ಕಣ್ಣು ಮುಚ್ಚಿ ನಿಂತಿದ್ದ. ಸತ್ತವರ ಮನೆಯ ಬಾಗಿಲಲ್ಲಿ ನಿಂತು ಅವರು ಕ್ಷೇಮ ಎಂದು ಪರವೂರಿಗೆ ಕಾಗದ ಬರೆದ ಹಾಗೆ. ಅವನು ಜನಿವಾರ ಹಿಡಿದು ಏನಾದರೂ ಹೇಳಿಕೊಳ್ಳಲು ನೋಡಿದ. ಯಾವ ಶ್ಲೋಕವೂ ಮೊದಲ ಪಾದ ದಾಟಲಿಲ್ಲ. ಕೆಳಗೆ ಮಂಜು ಸಡಿಲವಾಗಿ ರುದ್ರಪ್ಪನವರ ಎಸ್ಟೇಟಿನ ಹೊಸ ಹೆಂಚು ಕಂಡಿತು. ಹನ್ನೊಂದು ಗಂಟೆಗೆ ಅಲ್ಲಿಗೆ ಹೋಗಬೇಕಿತ್ತು.

ಇಳಿಯುವ ದಾರಿಯ ಗೇಟಿನ ಹತ್ತಿರ ರುದ್ರಪ್ಪನವರೇ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅರವತ್ತರ ಹತ್ತಿರದ ದೊಡ್ಡ ಆಳು, ಕೆಟ್ಟವರಲ್ಲ. ಕಾಫಿಗೆ ಬೆಲೆ ಬಿದ್ದು ಕೇಳುವವರಿಲ್ಲದ ವರ್ಷಗಳಲ್ಲಿ ಅವರು ಹಳೆಯ ಬಂಗಲೆಗೆ ಸುಣ್ಣ ಬಳಿಸಿ ಹೋಂಸ್ಟೇ ಮಾಡಿದ್ದರು. ಬಂದವರನ್ನು ಜೀಪಿನಲ್ಲಿ ನೆತ್ತಿಗೆ ಹತ್ತಿಸಿ ಮೋಡ ತೋರಿಸುತ್ತಿದ್ದರು. ತೋಟದ ಆಳುಗಳನ್ನು ಯಾರನ್ನೂ ಬಿಡಿಸಿರಲಿಲ್ಲ. ಶಾಲೆಯ ಮಾಡು ಹಾರಿದಾಗ ಮರ ಕೊಟ್ಟವರು ಅವರೇ. ಒದ್ದೆ ಪಂಚೆಯಲ್ಲಿ ಸೀಟಿನ ಮೇಲೆ ಕೂರಲು ಕಾಶೀನಾಥ ಹಿಂಜರಿದಾಗ, ಸೀಟು ಒಣಗ್ತದೆ ಹತ್ತಿ ಮಾರಾಯ್ರೆ, ನೀವು ಒಣಗೋದು ಕಷ್ಟ ಎಂದು ನಕ್ಕರು. ದಾರಿಯುದ್ದಕ್ಕೂ ಅವರೇ ಮಾತಾಡಿದರು. ಮಳೆಗಾಲದಲ್ಲಿ ಗುಡ್ಡಕ್ಕೆ ಜೀಪು ನಿಲ್ಲಿಸಬೇಕೆಂದು ಅರಣ್ಯ ಇಲಾಖೆಗೆ ಯಾರೋ ಬರೆದಿದ್ದಾರೆ, ಸಾಹೇಬರು ಇವತ್ತು ಕೇಳಿ ತೀರ್ಮಾನ ಮಾಡುತ್ತಾರೆ, ಅರ್ಪಿತಾ ಮೇಡಂ ಕೂಡ ಆಲ್ದೂರು ಬಸ್ಸಿನಲ್ಲಿ ಬೆಳಿಗ್ಗೆಯೇ ಬಂದು ಕೂತಿದ್ದಾರೆ. ತಾನು ವಾದ ಮಾಡುವುದಿಲ್ಲ. ಮಾಸ್ತರ ಪುಸ್ತಕ ಒಂದು ಸಾಕು. ಜೀಪು ಹತ್ತಿದ ಮೇಲೂ ಹನ್ನೆರಡು, ಹತ್ತುವ ಮೊದಲೂ ಹನ್ನೆರಡು. ಅದರಲ್ಲೂ ಆ ಹನ್ನೊಂದು ಇದೆಯಲ್ಲ, ಅದನ್ನು ನೋಡಿದರೆ ಯಾರಿಗಾದರೂ ಗೊತ್ತಾಗಬೇಕು, ಬರೆದವನು ಸತ್ಯವಂತ ಎಂದು. ಕಾಶೀನಾಥ ಪ್ರತಿ ಮಾತಿಗೂ ಹೂಂ ಎನ್ನುತ್ತಿದ್ದ. ಬಾಲ್ಯದ ಚಾಳಿ, ಕೇಳಿಸುತ್ತಿದೆ ಎಂದು ತಿಳಿಸುವುದಕ್ಕೆ ಮಾತ್ರ. ರುದ್ರಪ್ಪನವರು ಅವನ ತೊಡೆ ತಟ್ಟಿ, ನೀವಿರೋದಕ್ಕೆ ಊರಲ್ಲಿ ಮಳೆ ಬೀಳ್ತದೆ ಎಂದರು.

ಜಗಲಿಯಲ್ಲಿ ಅರ್ಪಿತಾ ಎದ್ದು ಬಂದು ಕಾಲು ಮುಟ್ಟಿದಳು. ನಾಲ್ಕು ವರ್ಷದ ಸಮುದ್ರದ ಬಿಸಿಲು ಅವಳನ್ನು ಕಪ್ಪು ಮಾಡಿತ್ತು, ಕಣ್ಣ ಕೆಳಗೆ ಗೆರೆ ಮೂಡಿತ್ತು. ಈಗ ಹೇಳಬಹುದಿತ್ತು. ಆಚೆ ಕರೆದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಅವಳು ಪುಸ್ತಕ ತೆಗೆದುಕೊಂಡು ಮೂಸಿ ನೋಡಿ, ಗುಡ್ಡದ ವಾಸನೆ ಹಾಗೇ ಇದೆ ಮಾಷ್ಟ್ರೇ ಎಂದಳು. ದ್ವೀಪದ ಮಂಗಟ್ಟೆಗಳು ಇನ್ನೂ ಇವೆ, ಆಡುಗಳನ್ನು ಹಿಡಿದು ಸಾಗಿಸುತ್ತಿದ್ದಾರೆ, ಆ ಮಾತನ್ನು ಆಮೇಲೆ ಹೇಳುತ್ತೇನೆ ಎಂದಳು. ಅಷ್ಟರಲ್ಲಿ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಷೂ ಬಿಚ್ಚಿ ಮೂಲೆಯಲ್ಲಿ ಜೋಡಿಸಿಟ್ಟು ಕೂತರು. ಕಾಫಿ ಬಂತು. ರುದ್ರಪ್ಪನವರು ಪುಸ್ತಕ ತೆಗೆದು ಒಂದೊಂದೇ ವರ್ಷದ ಮೊತ್ತ ಓದಿದರು. ಅಧಿಕಾರಿ ಅರ್ಪಿತಾಳ ಕಡೆ ತಿರುಗಿ, ನೀವೂ ಇದನ್ನೇ ಬರೆದಿದ್ದೀರಲ್ಲ, ಹುಲ್ಲು ಗಿಡ್ಡವಾದರೂ ಹಕ್ಕಿ ಹೊಂದಿಕೊಳ್ಳುತ್ತದೆ ಎಂದು, ಎಂದರು. ಅವಳು ತಲೆ ತಗ್ಗಿಸಿ, ನನಗೂ ಆಶ್ಚರ್ಯವೇ, ಆದರೆ ಲೆಕ್ಕ ಹಾಗಿದೆ ಎಂದಳು. ಅವಳು ಹಾಗೆ ಬರೆದಿದ್ದಾಳೆಂದು ಕಾಶೀನಾಥನಿಗೆ ಗೊತ್ತಿರಲಿಲ್ಲ. ಅವನು ಕಾಫಿ ಲೋಟ ಕೆಳಗಿಟ್ಟ.

"ಆ ಪುಸ್ತಕದಲ್ಲಿ ಇರೋದು ನಾನು ಕೇಳಿದ್ದಲ್ಲ ಸ್ವಾಮಿ," ಎಂದ.

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅವನು ಚೀಲದಿಂದ ಯಂತ್ರ ತೆಗೆದು ಕಾಫಿ ಲೋಟಗಳ ನಡುವೆ ಇಟ್ಟು ಗುಂಡಿ ಒತ್ತಿದ. ಆರು ಎಂದು ಅವನ ದನಿ ಹೇಳಿತು. ಆಮೇಲೆ ಗಾಳಿ. ನಾಲ್ವರೂ ಗಾಳಿಯನ್ನು ಕೇಳುತ್ತ ಕೂತರು. ಒಳಗೆ ಯಾರೋ ಪಾತ್ರೆ ಜೋಡಿಸುತ್ತಿದ್ದರು, ನಿಲ್ಲಿಸಿದರು. ಕ್ಯಾಸೆಟ್ಟಿನಲ್ಲಿ ದೂರ ಎಲ್ಲೋ ಒಂದು ದನ ಕೂಗಿತು. ಪುಸ್ತಕದಲ್ಲಿ ಆರರ ಮುಂದೆ ಗೀಟಿದೆ ನೋಡಿ ಎಂದು ಅವನೇ ಬೆರಳಿಟ್ಟು ತೋರಿಸಿದ. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟುಕೊಂಡು ನಿಂತೆ, ಐದೇ ಐದು ಎಂದ. ರುದ್ರಪ್ಪನವರ ಮುಖ ಕೆಂಪಾಗಿ ಆಮೇಲೆ ಬಿಳಿಯಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಐದು ವರ್ಷ ಸುಳ್ಳು ಬರೆದ್ರಾ ಮಾಷ್ಟ್ರೇ?"

"ಸುಳ್ಳು ಅಂತ ಗೊತ್ತಿರಲಿಲ್ಲ. ನನಗೆ ಕೇಳ್ತಿತ್ತು."

"ಹಂಗಾದ್ರೆ ಇವತ್ತಿನ ಐದು? ಅದು ಕೇಳಿದ್ದಾ, ಕೇಳ್ತಿತ್ತಾ?"

ಕಾಶೀನಾಥ ಪುಸ್ತಕದ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಹನ್ನೊಂದನೆಯದನ್ನು ಕಣ್ಣಾರೆ ಕಂಡೆ ಎನ್ನಬಹುದಿತ್ತು. ಆದರೆ ಉಳಿದ ನಾಲ್ಕನ್ನು ಹಾಗೆ ಹೇಳುವಂತಿರಲಿಲ್ಲ. ಅವನು ಅರ್ಪಿತಾಳ ಕಡೆ ನೋಡಲಿಲ್ಲ, ಆದರೂ ಅವಳು ಪುಸ್ತಕದ ಹಾಳೆ ತಿರುವುವುದು ನಿಲ್ಲಿಸಿದ್ದು ತಿಳಿಯಿತು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಹೊಸ ಎಣಿಕೆಯಾಗದೆ ತಾನು ಏನನ್ನೂ ಬರೆಯುವಂತಿಲ್ಲ, ಮೇಡಂ ನಾಳೆಯಿಂದಲೇ ಎಣಿಸಲಿ, ಅಲ್ಲಿಯವರೆಗೆ ಜೀಪು ಗೇಟು ದಾಟಬಾರದು ಎಂದು ಹೇಳಿ ಎದ್ದರು. ಷೂ ಹಾಕಿಕೊಳ್ಳುವಾಗ ಮಾಸ್ತರ ಕಡೆ ಒಮ್ಮೆ ನೋಡಿ, ಲೇಸು ಕಟ್ಟಿಕೊಂಡರು. ರುದ್ರಪ್ಪನವರು, ಬಡಿಸಿಯಾಗಿದೆ, ಊಟ ಮಾಡಿಯೇ ಹೋಗಿ ಎಂದರು. ಬೇರೆ ಕಡೆ ನೋಡಿಕೊಂಡು ಅಂದರು, ಆದರೂ ಅಂದರು. ಕಾಶೀನಾಥ ಎಲೆಯ ಮುಂದೆ ಕೂತ. ಅನ್ನ ಕಲಸಿ ಹಾಗೇ ಬಿಟ್ಟ. ಬಡಿಸುತ್ತಿದ್ದ ರುದ್ರಪ್ಪನವರ ಹೆಂಡತಿ ಸಾವಿತ್ರಮ್ಮ, ಎಲ್ಲ ಕೇಳಿಸಿಕೊಂಡಿದ್ದವರು, ಅವನಿಗೆ ಮಾತ್ರ ಕೇಳುವ ಹಾಗೆ ಮಜ್ಜಿಗೆಯಾದರೂ ಕುಡೀರಿ ಎಂದು ಬಗ್ಗಿ ಹಾಕಿದರು. ಆ ಒಂದು ಮಾತಿಗೆ ಅವನಿಗೆ ಅಳು ಬರುವಂತಾಯಿತು.

ಬಸ್ಸಿನ ರಸ್ತೆಯವರೆಗೆ ಅವನೂ ಅರ್ಪಿತಾಳೂ ತೋಟದ ನಡುವೆ ನಡೆದರು. ಕ್ಯಾಸೆಟ್ ಕೇಳಿದ್ದು ಯಾವಾಗ ಎಂದು ಅವಳು ಕೇಳಿದಳು. ಎಂಟು ದಿನವಾಯಿತು ಎಂದ. ಅವಳು ಹೂಂ ಎಂದಳು. ಎಂಟು ದಿನದಲ್ಲಿ ಒಂದು ಕಾಗದ ಎರಡು ಸಲ ಬಂದು ಹೋಗುತ್ತದೆ ಎನ್ನುವುದನ್ನು ಇಬ್ಬರೂ ಹೇಳಲಿಲ್ಲ. ಸಿಲ್ವರ್ ಓಕ್ ಮರಗಳಿಂದ ಮಂಜಿನ ಹನಿ ಇನ್ನೂ ಬೀಳುತ್ತಿತ್ತು. ಆಮೇಲೆ ಅವಳು ಯಾವುದೋ ಪಾಠ ಒಪ್ಪಿಸುವವಳ ಹಾಗೆ ಹೇಳುತ್ತ ಹೋದಳು. ತಾನು ಬರೆದದ್ದನ್ನು ಓದಿ ಇನ್ನೆರಡು ಗುಡ್ಡಗಳಲ್ಲಿ ರಸ್ತೆಗೆ ಒಪ್ಪಿಗೆ ಕೊಟ್ಟಿದ್ದಾರೆ, ಅಲ್ಲಿ ಎಷ್ಟಿದ್ದವು ಎಂದು ಯಾರೂ ಎಣಿಸಿಲ್ಲ, ಇನ್ನು ಎಣಿಸಿದರೂ ಗೊತ್ತಾಗುವುದು ಉಳಿದದ್ದು ಮಾತ್ರ. ಅವನ ಮೇಲೆ ಅವಳಿಗೆ ಸಿಟ್ಟಿಲ್ಲ. ದ್ವೀಪದಲ್ಲಿ ತಾನೂ ಎಷ್ಟೋ ಸಲ ಇಲ್ಲದ ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಿದ್ದಳು. ಒಬ್ಬರೇ ಇದ್ದರೆ ಹಾಗಾಗುತ್ತದೆ. ತಪ್ಪು ತನ್ನದೂ ಹೌದು, ಇಷ್ಟು ವರ್ಷ ಅಂಕಿ ಒಂದಿಷ್ಟೂ ಅಲುಗದಿದ್ದಾಗಲೇ ಅನುಮಾನ ಬರಬೇಕಿತ್ತು, ಬರಲು ತಾನು ಬಿಡಲಿಲ್ಲ. ಇದನ್ನೆಲ್ಲ ಹೆಸರು ಮರೆಸದೆ ಬರೆಯುತ್ತೇನೆ, ನಿಮ್ಮದೂ ನನ್ನದೂ ಎಂದಳು. ಬರಿ ಎಂದು ಕಾಶೀನಾಥ ಹೇಳಿದ. ಹೇಳಿದ ಮೇಲೆ ಎದೆಯಲ್ಲಿ ಏನೋ ಕೊಂಚ ಸಡಿಲವಾದಂತಾಯಿತು. ಹೆಸರು ಹೋಗಲಿ. ಕಳಸದ ಪೇಟೆಯಲ್ಲಿ ನಾಳೆಯೇ ಸುದ್ದಿಯಾಗಲಿ, ಹುಡುಗರು ಹಿಂದಿನಿಂದ ಹಕ್ಕಿಯ ಹಾಗೆ ಕೂಗಲಿ. ಗುಡ್ಡ ಒಂದು ಉಳಿದರೆ ಸಾಕು. ಆ ಐದನ್ನು ಇನ್ನೊಮ್ಮೆ, ಸರಿಯಾಗಿ, ಶಿಷ್ಯನ ಹಾಗೆ ಕೂತು ಕೇಳಿದರೆ ಸಾಕು. ಕೇಳುವುದನ್ನು ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ರಸ್ತೆ ಬಂತು. ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿ, ಅವಳು ಚೀಲ ಹೆಗಲಿಗೇರಿಸಿದಳು. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹತ್ತುತ್ತೀ ಎಂದು ಅವನು ಕೇಳಿದ. ಐದೂವರೆಗೆ ಎಂದಳು.

"ನಾನೂ ಬರ್ತೇನಮ್ಮ. ಪುಸ್ತಕ ಮುಟ್ಟೋದಿಲ್ಲ. ಬಾಯಿ ಬಿಡೋದಿಲ್ಲ. ನಿನ್ನ ಹಿಂದೆ ಹತ್ತು ಮಾರು ದೂರ ನಿಂತಿರ್ತೇನೆ, ಅಷ್ಟೆ."

ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ತೆರೆದು ಹತ್ತಿ ಹತ್ತಿ ಎನ್ನುತ್ತಿದ್ದ. ಅರ್ಪಿತಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು.

"ನೀವು ಹಿಂದೆ ನಿಂತಿದ್ರೆ ನನಗೂ ಹನ್ನೆರಡು ಕೇಳ್ತದೆ ಮಾಷ್ಟ್ರೇ. ಬೇಡ. ನಿಮ್ಮನ್ನ ನಾನು ಕರ್ಕೊಂಡು ಹೋಗೋದಿಲ್ಲ."